ಕೇಳಬೇಕಾದ್ದು ದಾಖಲೆಯನ್ನು, ಹಳೆಯ ಸಾಹೇಬರನ್ನಲ್ಲ

ಕುವೈತಿನ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಘಟಕ ನಿಲ್ಲಿಸಿ ದುರಸ್ತಿ ಮಾಡುವ ಶಟ್‌ಡೌನ್ ಕೆಲಸ ಹತ್ತಿರ ಬಂತೆಂದರೆ ಗುತ್ತಿಗೆ ಕಂಪನಿಗಳ ಕಚೇರಿಗಳಲ್ಲಿ ಬಯೋಡೇಟಾಗಳ ರಾಶಿ ಬೀಳುತ್ತದೆ. ವೆಲ್ಡರ್, ಪೈಪ್ ಫಿಟ್ಟರ್, ರಿಗ್ಗರ್, ಸ್ಕ್ಯಾಫೋಲ್ಡರ್, ಸೇಫ್ಟಿ ಆಫೀಸರ್, ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಆ ರಾಶಿಯಲ್ಲಿ ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ವಿಳಾಸಗಳೂ ಇರುತ್ತವೆ; ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯಲ್ಲಿ ಗುತ್ತಿಗೆಯ ಮೇಲೆ ದುಡಿದು ಕೈ ಪಳಗಿಸಿಕೊಂಡು ಹೋದವರೂ ಇರುತ್ತಾರೆ. ಪ್ರತಿ ಬಯೋಡೇಟಾದ ಹಿಂದೆ ಅನುಭವ ಪತ್ರಗಳ ಕಟ್ಟು. ಅವು ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಹಕ್ಕು ಕೆಲಸ ಕೊಡುವವರಿಗೆ ಇದೆ, ಅದರಲ್ಲಿ ತಕರಾರಿಲ್ಲ. ತಕರಾರಿರುವುದು ಪರೀಕ್ಷಿಸುವ ಬಗೆಯಲ್ಲಿ. ಹೆಣ್ಣು ಕೊಡುವ ಮುಂಚೆ ಗಂಡಿನ ಊರಿಗೆ ಹೋಗಿ ಅಕ್ಕಪಕ್ಕದವರಲ್ಲಿ ವಿಚಾರಿಸಿದ ಹಾಗೆ, ಹಳೆಯ ಕಂಪನಿಗೆ ಫೋನ್ ಹಚ್ಚಿ ‘ಈ ಮನುಷ್ಯ ಹೇಗೆ, ಯಾಕೆ ಬಿಟ್ಟ’ ಎಂದು ಕೇಳುವುದನ್ನೇ ಪರಿಶೀಲನೆ ಎಂದು ಕರೆಯುತ್ತಿದ್ದೇವೆ. ಉದ್ಯೋಗ ಚರಿತ್ರೆಯ ಪರಿಶೀಲನೆ ದಾಖಲೆಯ ಮೇಲೆ ನಡೆಯಬೇಕು, ಹಳೆಯ ಮಾಲೀಕರ ನೆನಪು, ಮರ್ಜಿ, ಮುನಿಸುಗಳ ಮೇಲೆ ನಡೆಯಬಾರದು ಎನ್ನುವುದು ಈ ಬರಹದ ವಾದ. ಕುವೈತಿನ ಕಾನೂನನ್ನು ಗಮನವಿಟ್ಟು ಓದಿದರೆ ಅದೂ ಇದೇ ದಿಕ್ಕಿಗೆ ಕೈ ತೋರಿಸುತ್ತದೆ.

ಕುವೈತಿನ ಖಾಸಗಿ ವಲಯದ ಕಾರ್ಮಿಕರನ್ನು ಆಳುವುದು 2010ರ 6ನೇ ಸಂಖ್ಯೆಯ ಕಾನೂನು. ಅದರ 54ನೇ ವಿಧಿ ಚಿಕ್ಕದು, ಆದರೆ ಗಲ್ಫಿಗೆ ಹೊರಟ ಪ್ರತಿಯೊಬ್ಬರೂ ತಿಳಿದಿರಬೇಕಾದದ್ದು. ಕೆಲಸದ ಕರಾರು ಮುಗಿದಾಗ ಸೇವಾ ಪ್ರಮಾಣಪತ್ರ ಪಡೆಯುವುದು ಕಾರ್ಮಿಕನ ಹಕ್ಕು ಎನ್ನುತ್ತದೆ ಅದು. ಪತ್ರದಲ್ಲಿ ಏನಿರಬೇಕೆಂದೂ ಹೇಳುತ್ತದೆ: ಎಷ್ಟು ಕಾಲ ದುಡಿದ, ಯಾವ ಕೆಲಸ ಮಾಡಿದ, ಕೊನೆಯ ಸಂಬಳ ಎಷ್ಟು. ಏನಿರಬಾರದೆಂದೂ ಹೇಳುತ್ತದೆ. ಕಾರ್ಮಿಕನಿಗೆ ಕೆಡುಕಾಗುವ ಅಥವಾ ಮುಂದಿನ ಕೆಲಸದ ದಾರಿ ಮುಚ್ಚುವ ಮಾತನ್ನು ನೇರವಾಗಿಯೂ ಬರೆಯುವಂತಿಲ್ಲ, ಸೂಚ್ಯವಾಗಿಯೂ ಬರೆಯುವಂತಿಲ್ಲ. ಅವನು ಕಂಪನಿಯಲ್ಲಿ ಕೊಟ್ಟಿಟ್ಟ ಸರ್ಟಿಫಿಕೇಟು, ಕಾಗದ, ಸಲಕರಣೆಗಳನ್ನೂ ಹಿಂದಿರುಗಿಸಬೇಕು. ‘ಸೂಚ್ಯವಾಗಿಯೂ’ ಎಂಬ ನಿರ್ಬಂಧದ ಹಿಂದೆ ದೊಡ್ಡ ತಿಳಿವಳಿಕೆಯಿದೆ. ಜರ್ಮನಿಯಲ್ಲಿ ಸೇವಾ ಪತ್ರಗಳಲ್ಲಿ ಹೊಗಳಿಕೆಯ ವೇಷದಲ್ಲಿ ದೂರು ಅಡಗಿಸುವ ರೂಢಿ ಬೆಳೆದು, ಅಲ್ಲಿನ ವೃತ್ತಿ ಸಂಹಿತೆಯ 109ನೇ ಕಲಮು ಅಂಥ ಗುಪ್ತ ಸಂಕೇತಗಳನ್ನು ನಿಷೇಧಿಸಿದೆ. ನಮ್ಮಲ್ಲಿಯೂ 1946ರ ಕೇಂದ್ರ ನಿಯಮಗಳ ಮಾದರಿ ಸ್ಥಾಯಿ ಆದೇಶಗಳಲ್ಲಿ, ವಜಾ ಆದ ಕಾಯಂ ಕಾರ್ಮಿಕನೂ ಸೇವಾ ಪ್ರಮಾಣಪತ್ರಕ್ಕೆ ಅರ್ಹ ಎಂಬ ಮಾತಿತ್ತು. ಅಂದರೆ ಅನುಭವ ಪತ್ರ ಮಾಲೀಕರು ಮೆಚ್ಚಿ ಕೊಡುವ ಬಹುಮಾನವೆಂದು ಈ ಯಾವ ಕಾನೂನೂ ತಿಳಿದಿಲ್ಲ. ದುಡಿದು ಗಳಿಸಿದ ಸಂಬಳದ ಹಾಗೆಯೇ ಅದೂ ಕಾರ್ಮಿಕನ ಗಳಿಕೆ.

ಕಾಗದದಲ್ಲಿ ಬರೆಯಬಾರದ್ದನ್ನು ಫೋನಿನಲ್ಲಿ ಹೇಳಬಹುದೇ? ಇಡೀ ಪ್ರಶ್ನೆ ನಿಂತಿರುವುದು ಇಲ್ಲಿ. 54ನೇ ವಿಧಿಯ ಉದ್ದೇಶ ಕಾರ್ಮಿಕನ ಮುಂದಿನ ಅನ್ನಕ್ಕೆ ಕಲ್ಲು ಬೀಳದಿರಲಿ ಎಂಬುದಾದರೆ, ಲಿಖಿತವಾಗಿ ತಪ್ಪಾದದ್ದು ಬಾಯಿಮಾತಿನಲ್ಲಿ ಸರಿಯಾಗುವುದು ಹೇಗೆ? ವಿಧಿಯ ಅಕ್ಷರ ಪತ್ರವನ್ನಷ್ಟೇ ಕುರಿತದ್ದು ಎಂದು ವಕೀಲರು ವಾದಿಸಬಹುದು. ಆದರೆ ಕುವೈತಿನಲ್ಲಿ ಇನ್ನೊಂದು ಕಾನೂನೂ ಇದೆ. ವಿದ್ಯುನ್ಮಾನ ವ್ಯವಹಾರಗಳ ಕುರಿತ 2014ರ 20ನೇ ಸಂಖ್ಯೆಯ ಕಾನೂನು, ವಿದ್ಯುನ್ಮಾನ ದಾಖಲೆಗಳಲ್ಲಿರುವ ವ್ಯಕ್ತಿಯ ಉದ್ಯೋಗ, ಸಾಮಾಜಿಕ ಸ್ಥಿತಿ, ಆರೋಗ್ಯ, ಹಣಕಾಸಿನ ವಿವರಗಳನ್ನು ಅವನ ಒಪ್ಪಿಗೆಯಿಲ್ಲದೆ ಅಥವಾ ನ್ಯಾಯಾಲಯದ ಆದೇಶವಿಲ್ಲದೆ ಅಕ್ರಮವಾಗಿ ಹೊರಗೆಡಹುವುದನ್ನು ತಡೆಯುತ್ತದೆ. ಇವತ್ತು ಯಾವ ಕಂಪನಿಯ ಹಾಜರಿ, ರಜೆ, ಸಂಬಳದ ಲೆಕ್ಕ ಕಂಪ್ಯೂಟರಿನಲ್ಲಿಲ್ಲ? ಎಚ್‌ಆರ್ ವಿಭಾಗದವರು ಪರದೆಯ ಮೇಲೆ ಕಡತ ತೆರೆದು ಅಪರಿಚಿತರೊಬ್ಬರಿಗೆ ಓದಿ ಹೇಳುವುದು ಎರಡು ಕಂಪನಿಗಳ ನಡುವಿನ ಸೌಜನ್ಯವೆಂದು ತೋರಬಹುದು. ಆ ಕಡತದಲ್ಲಿರುವ ಮನುಷ್ಯನ ಒಪ್ಪಿಗೆಯನ್ನು ಇಬ್ಬರೂ ಕೇಳಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಗಲ್ಫಿನಲ್ಲಿ ಈ ಬಾಯಿಮಾತಿಗೆ ಬೆಂಗಳೂರಿನಲ್ಲಿಲ್ಲದ ಭಾರ ಬರುವುದಕ್ಕೆ ಕಾರಣ ಮಾಲೀಕನೇ ಪ್ರಾಯೋಜಕನಾಗುವ ಕಫೀಲ್ ಪದ್ಧತಿ. ಖಾಸಗಿ ಕಂಪನಿಯ ವಿದೇಶಿ ಕಾರ್ಮಿಕನ ಇಖಾಮ, ಅಂದರೆ ವಾಸದ ಪರವಾನಗಿ, ನಿಂತಿರುವುದೇ ಮಾಲೀಕನ ಹೆಸರಿನ ಮೇಲೆ. ಮೂರು ವರ್ಷ ಪೂರೈಸಿದವನು ನೋಟಿಸ್ ಕೊಟ್ಟು, ಮಾಲೀಕನ ಒಪ್ಪಿಗೆಯಿಲ್ಲದೆಯೂ ಬೇರೆಡೆ ವರ್ಗವಾಗಬಹುದು ಎಂದು ಮ್ಯಾನ್‌ಪವರ್ ಪ್ರಾಧಿಕಾರ 2016ರಲ್ಲಿ ನಿಯಮ ಮಾಡಿತು, ಸರ್ಕಾರಿ ಗುತ್ತಿಗೆಯ ವೀಸಾದವರಿಗೆ ಬೇರೆ ಕಟ್ಟುಪಾಡುಗಳು ಉಳಿದುಕೊಂಡವು. 2025ರ ಜುಲೈ 1ರಿಂದ ಖಾಸಗಿ ವಲಯದವರು ದೇಶ ಬಿಟ್ಟು ಹೊರಡಲೂ ಮಾಲೀಕರಿಂದ ಎಕ್ಸಿಟ್ ಪರ್ಮಿಟ್ ಪಡೆಯಬೇಕಾಗಿದೆ. ಮೂರು ವರ್ಷ ತುಂಬುವ ಮುಂಚೆ ಬೇರೆಡೆ ಹೋಗಲು ರಿಲೀಸ್ ಕೊಡುವವನೂ ಅವನೇ, ರಜೆಗೆ ಬಿಡುವವನೂ ಅವನೇ, ಪರಾರಿಯಾದ ಎಂದು ದೂರು ಬರೆಯಬಲ್ಲವನೂ ಅವನೇ. ಇಷ್ಟು ಅಧಿಕಾರವಿರುವವನ ಅಭಿಪ್ರಾಯವನ್ನು ನಿಷ್ಪಕ್ಷಪಾತ ಸಾಕ್ಷಿಯೆಂದು ಹೇಗೆ ನಂಬುವುದು? ಬಾಕಿ ಓವರ್‌ಟೈಮಿಗಾಗಿ ಶೂನ್ ಎಂದು ಕರೆಯುವ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ದೂರು ಕೊಟ್ಟವನ ಬಗ್ಗೆ ಹಳೆಯ ಕಂಪನಿ ‘ತಂಟೆಕೋರ’ ಎಂದು ಒಂದೇ ಮಾತು ಹೇಳಿದರೂ ಸಾಕು. ದೂರು ನ್ಯಾಯವಾಗಿತ್ತು ಎಂಬುದು ಆ ಒಂದು ಮಾತಿನೊಳಗೆ ಎಲ್ಲಿಯೂ ಕಾಣುವುದಿಲ್ಲ. ತನ್ನ ಬಗ್ಗೆ ಏನು ಹೇಳಿದರು ಎಂದು ಅವನಿಗೆ ಗೊತ್ತಾಗುವುದೂ ಇಲ್ಲ, ಉತ್ತರ ಕೊಡುವ ಅವಕಾಶವೂ ಇಲ್ಲ.

ಹಾಗಾದರೆ ದಾಖಲೆ ನೋಡಿ ಎಂದಷ್ಟೇ ಹೇಳಿದರೆ ಮುಗಿಯಿತೇ? ಮುಗಿಯುವುದಿಲ್ಲ, ಏಕೆಂದರೆ ದಾಖಲೆಯೇ ಎಷ್ಟೋ ಸಲ ವಕ್ರವಾಗಿರುತ್ತದೆ. ವರ್ಕ್ ಪರ್ಮಿಟ್‌ನಲ್ಲಿ, ಅಲ್ಲಿನವರು ಇಜ್ನ್ ಅಮಲ್ ಎನ್ನುವ ಕಾಗದದಲ್ಲಿ, ನಮೂದಾದ ಹುದ್ದೆಗೂ ಮಾಡುವ ಕೆಲಸಕ್ಕೂ ಸಂಬಂಧವಿಲ್ಲದಿರುವುದು ಗಲ್ಫಿನಲ್ಲಿ ಅಪರೂಪವಲ್ಲ. ಕಂಪನಿಗೆ ಮಂಜೂರಾದ ವೀಸಾಗಳ ಪಟ್ಟಿಯಲ್ಲಿ ಯಾವ ಹುದ್ದೆ ಖಾಲಿಯಿತ್ತೋ ಅದೇ ಹುದ್ದೆಯ ಹೆಸರಿನಲ್ಲಿ ಮನುಷ್ಯನನ್ನು ಕರೆಸಿಕೊಳ್ಳುತ್ತಾರೆ. ಕಾಗದದಲ್ಲಿ ‘ಲೇಬರ್’ ಅಥವಾ ‘ಹೆಲ್ಪರ್’ ಎಂದಿರುವವನು ವರ್ಷಗಟ್ಟಲೆ ಪೈಪ್ ಜೋಡಿಸಿರುತ್ತಾನೆ. ಅವನಿಗೆ ಸಂಬಳ ಕೊಡುವುದು ಆಳು ಪೂರೈಸುವ ಸಪ್ಲೈ ಕಂಪನಿ, ಕೆಲಸ ಹೇಳುವುದು ಮುಖ್ಯ ಗುತ್ತಿಗೆದಾರ, ಕೆಲಸ ನಡೆಯುವುದು ಕುವೈತ್ ನ್ಯಾಷನಲ್ ಪೆಟ್ರೋಲಿಯಂ ಕಂಪನಿಯ ರಿಫೈನರಿಯೊಳಗೆ. ರಿಫೈನರಿಗೆ ಅವನು ಗೊತ್ತಿರುವುದು ಗೇಟ್ ಪಾಸಿನ ನಂಬರಿನಿಂದ ಮಾತ್ರ. ಗುತ್ತಿಗೆ ಮುಗಿದು ಸಪ್ಲೈ ಕಂಪನಿ ಬಾಗಿಲು ಹಾಕಿದರೆ ಅವನ ಹತ್ತು ವರ್ಷದ ದುಡಿಮೆಗೆ ಹೌದೆನ್ನುವವರು ಯಾರೂ ಉಳಿಯುವುದಿಲ್ಲ. ಅವನು ತನ್ನ ಬಯೋಡೇಟಾದಲ್ಲಿ ‘ಪೈಪ್ ಫಿಟ್ಟರ್’ ಎಂದು ನಿಜ ಬರೆದರೆ ಪರಿಶೀಲಿಸುವವರು ಸರ್ಕಾರಿ ದಾಖಲೆಯಲ್ಲಿ ‘ಹೆಲ್ಪರ್’ ನೋಡಿ ಸುಳ್ಳುಗಾರ ಎನ್ನುತ್ತಾರೆ. ‘ಹೆಲ್ಪರ್’ ಎಂದು ಬರೆದರೆ ಫಿಟ್ಟರನ ಕೆಲಸ ಸಿಗುವುದಿಲ್ಲ. ತಪ್ಪು ದಾಖಲೆ ಬರೆದ ಕಂಪನಿ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಆದ್ದರಿಂದಲೇ 54ನೇ ವಿಧಿ ಹೇಳುವ ‘ಕೆಲಸ’ ಎಂದರೆ ಪರ್ಮಿಟ್‌ನಲ್ಲಿ ಅಚ್ಚಾದ ಹೆಸರಲ್ಲ, ಕೈಯಿಂದ ನಡೆದ ಕೆಲಸ ಎಂದು ಓದಬೇಕಾಗುತ್ತದೆ. ಪರಿಶೀಲಿಸುವವರೂ ಒಂದೇ ಕಾಗದಕ್ಕೆ ಜೋತು ಬೀಳದೆ ಬ್ಯಾಂಕ್ ಸ್ಟೇಟ್‌ಮೆಂಟು, ಗೇಟ್ ಪಾಸು, ತರಬೇತಿ ಕಾರ್ಡುಗಳನ್ನು ಒಟ್ಟಿಗಿಟ್ಟು ನೋಡಬೇಕು. ಸಂಬಳವನ್ನು ಸ್ಥಳೀಯ ಬ್ಯಾಂಕಿನ ಖಾತೆಗೇ ಹಾಕಬೇಕೆಂದು ಅದೇ ಕಾನೂನಿನ 57ನೇ ವಿಧಿ ಹೇಳುವುದರಿಂದ, ದುಡಿದ ತಿಂಗಳುಗಳ ಸಾಕ್ಷಿ ಬ್ಯಾಂಕಿನಲ್ಲಿ ಇದ್ದೇ ಇರುತ್ತದೆ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಸುರಕ್ಷತೆಯದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2000ದ ಜೂನ್ 25ರಂದು ಮೀನಾ ಅಲ್ ಅಹ್ಮದಿಯಲ್ಲಿ ಸ್ಫೋಟವಾಗಿ ಜನ ಸತ್ತರು, ಹತ್ತಾರು ಮಂದಿ ಗಾಯಗೊಂಡರು. 2022ರ ಜನವರಿಯಲ್ಲಿ ದುರಸ್ತಿ ಕೆಲಸದ ವೇಳೆ ಹೊತ್ತಿದ ಬೆಂಕಿಗೆ ಇಬ್ಬರು ಭಾರತೀಯ ಗುತ್ತಿಗೆ ಕಾರ್ಮಿಕರು ಬಲಿಯಾದರು. ಇಂಥ ಜಾಗಕ್ಕೆ ಬರುವವನ ಪೂರ್ವಾಪರ ಕೆದಕದೆ ಬಿಡಬೇಕೇ ಎಂದು ಕೇಳುವುದು ಸಹಜ. ಕೆದಕಬೇಕು, ಆದರೆ ಎಲ್ಲಿ ಕೆದಕಿದರೆ ಉತ್ತರ ಸಿಗುತ್ತದೋ ಅಲ್ಲಿ. ವೆಲ್ಡರನನ್ನೇ ತೆಗೆದುಕೊಳ್ಳಿ. ವೆಲ್ಡರನ ಅರ್ಹತೆ ಅಳೆಯಲು ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘದ ಸಂಹಿತೆಯ ಒಂಬತ್ತನೇ ಭಾಗ ಜಗತ್ತಿನ ಬಹಳಷ್ಟು ರಿಫೈನರಿಗಳಲ್ಲಿ ಚಾಲ್ತಿಯಲ್ಲಿದೆ. ಪೈಪನ್ನು 45 ಡಿಗ್ರಿ ಓರೆಯಾಗಿ ಅಲುಗಾಡದಂತೆ ಬಿಗಿದು, ಅದರ ಸುತ್ತ ಮೇಲೆ, ಕೆಳಗೆ, ಪಕ್ಕದಲ್ಲಿ ಬೆಸುಗೆ ಹಾಕಿಸುತ್ತಾರೆ. ಸಿಕ್ಸ್ ಜಿ ಎಂದು ವೆಲ್ಡರುಗಳು ಕರೆಯುವ ಪರೀಕ್ಷೆ ಇದು. ಆಮೇಲೆ ಬೆಸೆದ ಜಾಗದಿಂದ ಪಟ್ಟಿಗಳನ್ನು ಕತ್ತರಿಸಿ ಯು ಆಕಾರಕ್ಕೆ ಬಗ್ಗಿಸುತ್ತಾರೆ, ಅಥವಾ ಎಕ್ಸ್‌ರೇ ತೆಗೆಯುತ್ತಾರೆ. ಬಗ್ಗಿಸಿದಾಗ ಮೂರು ಮಿಲಿಮೀಟರಿಗಿಂತ ದೊಡ್ಡ ಬಿರುಕು ಬಾಯ್ತೆರೆದರೆ ಫೇಲು. ಪಾಸಾದವನೂ ಆರು ತಿಂಗಳು ಆ ಬಗೆಯ ವೆಲ್ಡಿಂಗ್ ಮಾಡದಿದ್ದರೆ ಅರ್ಹತೆ ಕಳೆದುಕೊಳ್ಳುತ್ತಾನೆ. ಇಪ್ಪತ್ತು ವರ್ಷದ ಅನುಭವ ಪತ್ರವನ್ನೂ ಈ ಪರೀಕ್ಷೆ ಲೆಕ್ಕಕ್ಕಿಡುವುದಿಲ್ಲ, ಹಳೆಯ ಮ್ಯಾನೇಜರರ ಹೊಗಳಿಕೆಯನ್ನೂ ತೆಗಳಿಕೆಯನ್ನೂ ಕೇಳುವುದಿಲ್ಲ. ಸುರಕ್ಷತೆಯನ್ನು ನಿಜವಾಗಿ ಕಾಯುತ್ತಿರುವುದು ಇದು. ‘ಅವನು ಯಾಕೆ ಕೆಲಸ ಬಿಟ್ಟ’ ಎಂಬ ಪ್ರಶ್ನೆಗೆ ಎಂಥ ಉತ್ತರ ಬಂದರೂ ಬೆಸುಗೆ ಗಟ್ಟಿಯಾಗುವುದಿಲ್ಲ. ಸುರಕ್ಷತೆಯ ಹೆಸರು ಹೇಳಿ ಫೋನ್ ಎತ್ತುವ ಎಷ್ಟೋ ಕಂಪನಿಗಳಿಗೆ ಬೇಕಿರುವುದು, ದೂರು ಕೊಡುವ ಸ್ವಭಾವದವನೇ ಎಂಬ ಮಾಹಿತಿ. ಅಪಾಯ ಕಂಡಾಗ ದೂರು ಕೊಡುವವನು ರಿಫೈನರಿಯಲ್ಲಿ ಇರಲೇಬೇಕಾದ ಮನುಷ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಕಲಿ ಅನುಭವ ಪತ್ರಗಳ ದಂಧೆ ಇದೆಯಲ್ಲ ಎಂಬುದು ಇನ್ನೊಂದು ಆಕ್ಷೇಪ. ಇದೆ, ಮತ್ತು ಅದು ಪ್ರಾಮಾಣಿಕ ಕಾರ್ಮಿಕನಿಗೇ ಮೊದಲ ಪೆಟ್ಟು. ಆದರೆ ಅದರ ಶಿಕ್ಷೆ ಯಾರ ಮೇಲೆ ಬೀಳುತ್ತದೆ ನೋಡಿ. ಮೋಸ ಅಥವಾ ವಂಚನೆಯಿಂದ ಕೆಲಸ ಪಡೆದದ್ದು ರುಜುವಾತಾದರೆ ನೋಟಿಸ್ ಇಲ್ಲದೆ, ಪರಿಹಾರವಿಲ್ಲದೆ ವಜಾ ಮಾಡಬಹುದು ಎಂದು ಕುವೈತ್ ಕಾನೂನಿನ 41ನೇ ವಿಧಿ ಹೇಳುತ್ತದೆ. ತಿಂಗಳ ಸಂಬಳದವನಿಗೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 15 ದಿನದ ಸಂಬಳ, ಮುಂದಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ ಎಂದು ಕೂಡುತ್ತ ಬಂದ ಸೇವಾಂತ್ಯದ ಹಣ ಒಂದೇ ಏಟಿಗೆ ಹೋಗುತ್ತದೆ. ‘ಕುವೈತಿನವರು ಎರಡು ವರ್ಷದ ಗಲ್ಫ್ ಅನುಭವ ಕೇಳುತ್ತಾರೆ, ನಾನು ಮಾಡಿಸಿಕೊಡುತ್ತೇನೆ’ ಎಂದು ಊರಿನಲ್ಲಿ ಪತ್ರ ಹುಟ್ಟಿಸಿದ ಏಜೆಂಟ್ ಮಾತ್ರ ಬೆಚ್ಚಗಿರುತ್ತಾನೆ. ನೋಂದಾಯಿತ ಏಜೆಂಟ್ ಕಾರ್ಮಿಕನಿಂದ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಸೇವಾ ಶುಲ್ಕ ವಸೂಲು ಮಾಡುವಂತಿಲ್ಲ ಎಂಬುದು ಭಾರತದ ವಲಸೆ ನಿಯಮ. ಲಕ್ಷಗಟ್ಟಲೆ ತೆಗೆದುಕೊಂಡು ನಕಲಿ ಪತ್ರವನ್ನೂ ಸೇರಿಸಿ ಕೊಡುವವನು ಎರಡು ಕಾನೂನು ಮುರಿದಿರುತ್ತಾನೆ. ನಕಲಿಗೆ ಬೇಡಿಕೆ ಹುಟ್ಟಿಸುವುದರಲ್ಲಿ ಅಸಲಿ ಪತ್ರ ಕೊಡದ ಕಂಪನಿಗಳ ಪಾಲೂ ಇದೆ. ಹತ್ತು ವರ್ಷ ದುಡಿದವನನ್ನು ಪತ್ರಕ್ಕಾಗಿ ಅಲೆಸಿದರೆ ಅವನು ಕೊನೆಗೆ ಅದೇ ನಿಜವನ್ನು ಕಳ್ಳ ಲೆಟರ್‌ಹೆಡ್‌ನಲ್ಲಿ ಮುದ್ರಿಸಿಕೊಳ್ಳುತ್ತಾನೆ. ಹಾಗೆ ಮಾಡುವುದು ತಪ್ಪೇ. ಆ ತಪ್ಪಿನ ಮೊದಲ ಕಾರಣ ಮಾತ್ರ ಅವನಲ್ಲ.

ಪರಿಶೀಲನೆ ಎಲ್ಲಿ ಅನ್ಯಾಯಕ್ಕೆ ತಿರುಗುತ್ತದೆ ಎಂಬುದಕ್ಕೆ ಕುವೈತಿನ ಭಾರತೀಯ ಇಂಜಿನಿಯರುಗಳ ಪ್ರಕರಣಕ್ಕಿಂತ ಸ್ಪಷ್ಟ ನಿದರ್ಶನ ಬೇಡ. ಇಂಜಿನಿಯರ್ ಎಂಬ ಹುದ್ದೆಯಲ್ಲಿ ಇಖಾಮ ನವೀಕರಿಸಿಕೊಳ್ಳಲು ಕುವೈತ್ ಇಂಜಿನಿಯರುಗಳ ಸಂಘದ ಒಪ್ಪಿಗೆ ಬೇಕೆಂದು 2018ರಲ್ಲಿ ಮ್ಯಾನ್‌ಪವರ್ ಪ್ರಾಧಿಕಾರ ಆದೇಶಿಸಿತು. ಸಂಘವು ಭಾರತದ ಪದವಿಗಳಿಗೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ, ಅಂದರೆ ಎನ್‌ಬಿಎ, ಮಾನ್ಯತೆಯನ್ನು ಅಳತೆಗೋಲಾಗಿ ಇಟ್ಟುಕೊಂಡಿತು. ಎನ್‌ಬಿಎ ಹುಟ್ಟಿದ್ದು 1994ರಲ್ಲಿ, ಸ್ವಾಯತ್ತ ಸಂಸ್ಥೆಯಾದದ್ದು 2010ರಲ್ಲಿ. ಅದರ ಮಾನ್ಯತೆ ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೆ, ಅದೂ ಕೆಲವು ವರ್ಷಗಳ ಅವಧಿಗೆ. 1985ರಲ್ಲೋ 1990ರಲ್ಲೋ ಪದವಿ ಪಡೆದವನ ಕಾಲದಲ್ಲಿ ಅಂಥದ್ದೊಂದು ಸಂಸ್ಥೆಯೇ ಇರಲಿಲ್ಲ. ಇಪ್ಪತ್ತು, ಮೂವತ್ತು ವರ್ಷ ಯೋಜನೆಗಳನ್ನು ನಡೆಸಿದವರು ನಡುವಯಸ್ಸು ದಾಟಿದ ಮೇಲೆ ಪದನಾಮ ಕಳೆದುಕೊಳ್ಳುವ ಭಯಕ್ಕೆ ಬಿದ್ದರು. ಕೆಲವರು ಇಂಜಿನಿಯರ್ ಎಂಬ ಹುದ್ದೆ ಬಿಟ್ಟು ಬೇರೆ ಹುದ್ದೆಯ ಹೆಸರಿಗೆ ಬದಲಾಗಿ ಉಳಿದರು. ಭಾರತ ಸರ್ಕಾರ ಈ ವಿಷಯವನ್ನು ಕುವೈತಿನೊಂದಿಗೆ ಮಾತುಕತೆಗಳಲ್ಲಿ ಎತ್ತಬೇಕಾಯಿತು. ನಕಲಿ ಪದವಿಗಳನ್ನು ಹಿಡಿಯುವ ಉದ್ದೇಶ ಸರಿಯಾಗಿಯೇ ಇತ್ತು. ಆದರೆ ಆ ಕಾಲದಲ್ಲಿ ಇದ್ದಿರಲು ಸಾಧ್ಯವೇ ಇಲ್ಲದ ದಾಖಲೆಯನ್ನು ಇವತ್ತು ಕೇಳುವುದರಿಂದ ನಕಲಿಯೂ ಅಸಲಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಕೇಳುವವರ ಹಕ್ಕಿಗೆ ಎಲ್ಲೆ ಇದೆ ಎಂಬುದನ್ನು ಭಾರತದ ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಹೇಳಿದೆ. ಜೀವ ವಿಮಾ ನಿಗಮ ನೌಕರಿಗೆ ಸೇರುವವರು ತುಂಬಬೇಕಾದ ಘೋಷಣಾ ನಮೂನೆಯಲ್ಲಿ ಮಹಿಳೆಯರ ಮುಟ್ಟಿನ ವಿವರ, ಬಸಿರಿನ ಸಂಖ್ಯೆ ಕೇಳುತ್ತಿತ್ತು. 1991ರ ನೀರಾ ಮಾಥುರ್ ಪ್ರಕರಣದಲ್ಲಿ ಕೋರ್ಟ್ ಅವು ಮುಜುಗರ ತರುವ ಕಾಲಂಗಳೆಂದು ಹೇಳಿ, ತೆಗೆದುಹಾಕುವಂತೆ ಸೂಚಿಸಿತು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ, ಹಳೆಯ ಪೊಲೀಸ್ ಕೇಸನ್ನು ನಮೂನೆಯಲ್ಲಿ ಮುಚ್ಚಿಟ್ಟ ಮಾತ್ರಕ್ಕೆ ಯಾಂತ್ರಿಕವಾಗಿ ವಜಾ ಮಾಡುವಂತಿಲ್ಲ, ಕೇಸು ಎಷ್ಟು ಗಂಭೀರ, ಹುದ್ದೆ ಎಂಥದ್ದು ಎಂದು ತೂಗಿ ನೋಡಬೇಕು ಎಂದಿತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಹಳೆಯ ಸಂಬಳದ ಪ್ರಶ್ನೆಯಲ್ಲಿ ಯುರೋಪ್ ಇನ್ನೂ ಮುಂದೆ ಹೋಗಿದೆ: ಅರ್ಜಿದಾರರ ಹಿಂದಿನ ಸಂಬಳ ಕೇಳಬಾರದೆಂದು ಐರೋಪ್ಯ ಒಕ್ಕೂಟದ 2023ರ ವೇತನ ಪಾರದರ್ಶಕತೆ ನಿರ್ದೇಶನ ಹೇಳುತ್ತದೆ. ಕುವೈತಿನ 54ನೇ ವಿಧಿಯೊಡನೆ ನನಗಿರುವ ಒಂದೇ ಜಗಳ ಇಲ್ಲಿಯದು. ಕೊನೆಯ ಸಂಬಳ ಪತ್ರದಲ್ಲಿ ಇರಲೇಬೇಕೆಂದರೆ, ಕನಿಷ್ಠ ವೇತನವೇ 75 ದಿನಾರ್ ಎಂದು 2017ರಲ್ಲಿ ನಿಗದಿಯಾದ ದೇಶದಲ್ಲಿ, ಒಮ್ಮೆ ಕಡಿಮೆಗೆ ಒಪ್ಪಿಕೊಂಡವನು ಮುಂದಿನ ಕಂಪನಿಯಲ್ಲಿಯೂ ಕಡಿಮೆಯಿಂದಲೇ ಚೌಕಾಸಿ ಶುರು ಮಾಡಬೇಕಾಗುತ್ತದೆ. ಆ ಅಂಕಿ ಬೇಕೋ ಬೇಡವೋ ಎಂಬುದನ್ನು ಕಾರ್ಮಿಕನಿಗೇ ಬಿಡುವುದು ಒಳ್ಳೆಯದು.

ಗಲ್ಫಿನಿಂದ ಮರಳಿ ಬಂದು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೆಲಸ ಹುಡುಕುವವರ ಕಷ್ಟ ಇದರ ಇನ್ನೊಂದು ಮಗ್ಗುಲು. ಇಲ್ಲಿ ಪರಿಶೀಲನೆಯನ್ನು ಹೊರಗಿನ ಏಜೆನ್ಸಿಗಳಿಗೆ ವಹಿಸುತ್ತಾರೆ. ಕುವೈತಿನ ಮುಚ್ಚಿಹೋದ ಕಂಪನಿಯ ಇಮೇಲಿಗೆ ಅವರು ಬರೆಯುತ್ತಾರೆ, ಉತ್ತರ ಬರುವುದಿಲ್ಲ, ವರದಿಯಲ್ಲಿ ಹಳದಿ ಗುರುತು ಬೀಳುತ್ತದೆ. ಪರಿಶೀಲಿಸಲಾಗಲಿಲ್ಲ ಎಂಬುದಕ್ಕೂ ಸುಳ್ಳು ಎಂಬುದಕ್ಕೂ ಅಜಗಜಾಂತರವಿದೆ, ಆದರೆ ನೇಮಕಾತಿ ಮಾಡುವವರ ಕಣ್ಣಿಗೆ ಎರಡೂ ಒಂದೇ ಆಗಿ ಕಾಣುತ್ತವೆ. ಭಾರತದೊಳಗೆ ದುಡಿದವನಿಗೆ ಭವಿಷ್ಯ ನಿಧಿಯ ಯುಎಎನ್ ನಂಬರ್ 2014ರಿಂದ ಒಂದು ಆಸರೆಯಾಗಿದೆ. ಯಾವ ಕಂಪನಿಯಲ್ಲಿ ಯಾವಾಗ ಸೇರಿದ, ಯಾವಾಗ ಬಿಟ್ಟ ಎಂಬುದು ಯಾರ ಮರ್ಜಿಯೂ ಇಲ್ಲದೆ ಅಲ್ಲಿ ಕಾಣುತ್ತದೆ. ವಲಸೆ ಹೋದವರಿಗೂ ಅಂಥದ್ದೊಂದು ಬೇಕು. ವಲಸೆ ಅನುಮತಿಗಾಗಿ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಕರಾರು, ಹುದ್ದೆ, ಮಾಲೀಕರ ಹೆಸರು ದಾಖಲಾಗುತ್ತವೆ. ಕಾರ್ಮಿಕ ಹೊರಡುವಾಗ ಬರೆದುಕೊಂಡದ್ದನ್ನು ಅವನು ಮರಳಿದಾಗ ದೃಢೀಕರಿಸಿ ಕೊಡುವ ವ್ಯವಸ್ಥೆಯನ್ನು ವಿದೇಶಾಂಗ ಸಚಿವಾಲಯ ಮಾಡಬೇಕು.

ಮಾಲೀಕರ ಕಡೆಯಿಂದ ಉಳಿಯುವ ಮಾತು, ಹೊಸಬನ ನಡತೆಯನ್ನು ತಿಳಿಯುವುದಾದರೂ ಹೇಗೆ ಎಂಬುದು. ಕುವೈತ್ ಕಾನೂನು ಅದಕ್ಕೆ 100 ಕೆಲಸದ ದಿನಗಳವರೆಗೆ ಪ್ರೊಬೇಷನ್ ಕೊಟ್ಟಿದೆ. ನಡತೆ, ಸಮಯಪಾಲನೆ, ಹೊಂದಾಣಿಕೆ ಎಲ್ಲವನ್ನೂ ಕಣ್ಣಾರೆ ನೋಡಲು ಅಷ್ಟು ದಿನ ಸಾಕು. ಅದಕ್ಕೂ ಮೊದಲೇ ಯಾರನ್ನಾದರೂ ಕೇಳಲೇಬೇಕಿದ್ದರೆ, ಅರ್ಜಿದಾರನೇ ಹೆಸರಿಸಿದವರನ್ನು, ಅವನ ಲಿಖಿತ ಒಪ್ಪಿಗೆ ಪಡೆದು ಕೇಳಲಿ. ಬಂದ ಉತ್ತರ ಅವನಿಗೆ ವಿರುದ್ಧವಾಗಿದ್ದರೆ ಅವನಿಗೂ ಒಂದು ಮಾತು ಹೇಳುವ ಅವಕಾಶ ಕೊಡಲಿ. ಇದರಿಂದ ಯಾವ ಕಂಪನಿಯ ಕೆಲಸವೂ ನಿಲ್ಲುವುದಿಲ್ಲ.

ಕುವೈತಿನಲ್ಲಿರುವ ನಮ್ಮವರಿಗೆ ಒಂದು ವಿನಂತಿ. ಲೆಕ್ಕ ಚುಕ್ತಾ ಮಾಡುವ ದಿನ ಕಂಪನಿಯ ಪ್ರತಿನಿಧಿಯಾದ ಮಂದೂಬ್ ಮುಂದಿಡುವ ಕಾಗದಕ್ಕೆ ಸಹಿ ಹಾಕುವ ಮುಂಚೆಯೇ 54ನೇ ವಿಧಿಯ ಪತ್ರವನ್ನು ಕೇಳಿ ಪಡೆಯಿರಿ. ಅದರಲ್ಲಿ ನೀವು ಮಾಡಿದ ಕೆಲಸದ ಹೆಸರೇ ಇದೆಯೇ, ಸೇರಿದ ಮತ್ತು ಬಿಟ್ಟ ತಾರೀಕು ಸರಿಯಿದೆಯೇ ನೋಡಿ. ಕಂಪನಿ ಕೊಡದಿದ್ದರೆ ಊರಿಗೆ ಹೊರಡುವ ಮೊದಲೇ ಶೂನ್‌ನಲ್ಲಿ ದೂರು ದಾಖಲಿಸಿ, ವಿಮಾನ ಹತ್ತಿದ ಮೇಲೆ ದಾರಿ ದುರ್ಗಮ. ಬ್ಯಾಂಕ್ ಸ್ಟೇಟ್‌ಮೆಂಟು, ವರ್ಕ್ ಪರ್ಮಿಟ್‌ನ ಪ್ರತಿ, ಗೇಟ್ ಪಾಸಿನ ಫೋಟೋ, ವೆಲ್ಡಿಂಗ್ ಪರೀಕ್ಷೆಯ ಫಲಿತಾಂಶ, ಎಲ್ಲವನ್ನೂ ಫೋನಿನಲ್ಲಿ ಒಂದು ಕಡೆ, ಮನೆಯವರ ಬಳಿ ಇನ್ನೊಂದು ಕಡೆ ಇಡಿ. ಕುವೈತಿನ ಕನ್ನಡ ಮತ್ತು ತುಳು ಸಂಘಟನೆಗಳು ರಾಜ್ಯೋತ್ಸವದ ಸಭೆಗಳಲ್ಲಿ ಅರ್ಧ ಗಂಟೆಯನ್ನು ಈ ವಿಷಯಕ್ಕೆ ಮೀಸಲಿಟ್ಟು, 54ನೇ ವಿಧಿಯ ಕನ್ನಡ ಅನುವಾದವನ್ನು ಮುದ್ರಿಸಿ ಕ್ಯಾಂಪುಗಳಲ್ಲಿ ಹಂಚಲಿ.